ಒಡಪಿನಲ್ಲಿ ಕಲಿತ ಸೈಕಾಲಜಿ

ಇಂಗ್ಲಿಷಿನಲ್ಲಿ ಹೊಟ್ಟೆಕಿಚ್ಚು ಪಡುವುದನ್ನು ನಾನು ಕಲಿತದ್ದು ಸಿಂದಗಿಯಲ್ಲಿ, ಅತ್ತೆಯ ಮನೆಯ ಒಲೆಯ ಮುಂದೆ. ಕನ್ನಡದಲ್ಲಿ ಅದು ನನಗೆ ಮೊದಲೇ ಚೆನ್ನಾಗಿ ಬರುತ್ತಿತ್ತು. ಇಂಡಿ ತಾಲ್ಲೂಕಿನ ಅಗರಖೇಡದಲ್ಲಿ ಹುಟ್ಟಿ, ಮನೆ ತುಂಬ ಅಕ್ಕತಂಗಿಯರ ನಡುವೆ ಒಂದು ಕನ್ನಡಿಗಾಗಿ ಜಗಳವಾಡುತ್ತ ಬೆಳೆದವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಮದುವೆ ಮಾಡಿ ಸಿಂದಗಿಗೆ ಕಳಿಸಿದ್ದರು. ನನ್ನ ಗಂಡ ದಲಾಲರ ಅಡತಿ ಅಂಗಡಿಯಲ್ಲಿ ಜೋಳ ತೂಗುತ್ತಿದ್ದರು. ದಿನವಿಡೀ ಚೀಲ ತಕ್ಕಡಿಗೆ ಏರಿಸಿ ಇಳಿಸಿ, ಮನೆಗೆ ಬಂದು ಉಂಡು, ಮಾತಿಲ್ಲದೆ ಮಲಗುವ ಸಾಧು ಪ್ರಾಣಿ. ಮನೆಯ ಯಜಮಾನಿಕೆ ಅವರ ಅಣ್ಣನದು, ಅಂದರೆ ನನ್ನ ಭಾವನದು. ಭಾವನ ಹೆಂಡತಿ, ನನ್ನ ನೆಗೆಣ್ಣಿ, ಬೀಗದ ಕೈಗಳನ್ನು ಸೊಂಟಕ್ಕೆ ಸಿಗಿಸಿಕೊಂಡು ಗಿಲಿಗಿಲಿ ಎನ್ನಿಸುತ್ತ ಓಡಾಡುತ್ತಿದ್ದಳು. ಇವರೆಲ್ಲರ ಮೇಲೆ ಅತ್ತೆ. ಅವರ ದನಿ ಎಷ್ಟು ದೊಡ್ಡದೆಂದರೆ, ಹಿತ್ತಲಲ್ಲಿ ಬೈದರೆ ಮುಂದಿನ ಓಣಿಯವರು ತಮಗೇ ಎಂದು ತಿಳಿದು ತಲೆ ತಗ್ಗಿಸುತ್ತಿದ್ದರು.

ನನಗೆ ಶಿಕ್ಷಕಿಯಾಗಬೇಕೆಂಬ ಹುಚ್ಚು. ನಮ್ಮೂರಿಗೆ ಒಬ್ಬ ಬಾಯಾರು ಬರುತ್ತಿದ್ದರು. ನಮ್ಮ ಕಡೆ ಕಲಿಸುವ ಹೆಂಗಸನ್ನು ಹಾಗೇ ಕರೆಯುವುದು. ಅವರು ಛತ್ರಿ ಹಿಡಿದು ಬರುವಾಗ ಕಟ್ಟೆಯ ಮೇಲೆ ಕಾಲು ಚಾಚಿ ಕೂತ ಗಂಡಸರೆಲ್ಲ ಕಾಲು ಮಡಚುತ್ತಿದ್ದರು. ನನಗೂ ಹಾಗೆ ನಾಲ್ಕು ಜನರ ಕಾಲು ಮಡಚಿಸಬೇಕಿತ್ತು. ಮಕ್ಕಳಿಗೆ ವಿದ್ಯೆ ಕೊಡುವ ಆಸೆ ಇರಲಿಲ್ಲವೇ ಎಂದು ಕೇಳಿದರೆ, ಇತ್ತು, ಆದರೆ ಅದು ಆಮೇಲೆ ಬಂತು.

ಸಿಂದಗಿಯಲ್ಲೇ ಶಿಕ್ಷಕರ ಟ್ರೇನಿಂಗ್ ಕಾಲೇಜು ಇತ್ತು. ಸೇರುತ್ತೇನೆ ಎಂದಾಗ ಭಾವ ಮೀಸೆ ತಿರುವಿ, ನನ್ನ ಮುಖ ನೋಡದೆ ತಮ್ಮ ತಾಯಿಗೆ ಹೇಳಿದರು:

"ಒಂದಽ ಸಲ ನೋಡವ್ವಾ. ಪಾಸಾದ್ರ ಬಾಯಾರ ಆಗ್ಲಿ. ನಪಾಸಾದ್ರ ಮತ್ತ ಆ ಮಾತ ಎತ್ತಬಾರದು. ಹೊಲದಾಗ ಕಸಾ ತಗೀಲಿ."

"ಆಕಿ ನಪಾಸಾದ್ರ ಆಕಿ ಪಾಲಿನ ಕಸಾ ನಾ ತಗೀತೇನಿ ಹೋಗು," ಅಂದರು ಅತ್ತೆ.

ಅತ್ತೆ ನನ್ನ ಪರವಾಗಿ ಯಾಕೆ ನಿಂತರೋ ನನಗೆ ತಿಳಿಯಲಿಲ್ಲ. ಅವರಿಗೆ ಸೊಂಟನೋವು ಬೇರೆ ಇತ್ತು. ಹೀಗೆ ನನ್ನ ಪಾಸು-ನಪಾಸಿಗೆ ಒಂದು ಮುದುಕಿಯ ಸೊಂಟವೂ ಸೇರಿಕೊಂಡಿತು.

ಉಳಿದ ವಿಷಯಗಳೇನೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಸೈಕಾಲಜಿ. ಅದನ್ನು ಕಲಿಸುತ್ತಿದ್ದ ಮಾಸ್ತರರು ಮುದ್ದೇಬಿಹಾಳದವರು, ಧಾರವಾಡದಲ್ಲಿ ಓದಿ ಹೊಸದಾಗಿ ಬಂದಿದ್ದರು. ಪುಸ್ತಕ ಕನ್ನಡದಲ್ಲಿತ್ತು. ಆದರೆ ಮಾಸ್ತರರಿಗೆ ಕನ್ನಡದ ಭಾವನೆಗಳ ಮೇಲೆ ನಂಬಿಕೆಯಿರಲಿಲ್ಲ.

"ಸಿಟ್ಟ ಬಂದೈತಿ ಅನಬ್ಯಾಡ್ರಿ," ಅನ್ನುತ್ತಿದ್ದರು. "ಸಿಟ್ಟು ಎತ್ತಿಗೂ ಬರತೈತಿ, ಎಮ್ಮಿಗೂ ಬರತೈತಿ. ಶಿಕ್ಷಕರಾದವರಿಗೆ ಅಗ್ರೆಶನ್ ಬರಬೇಕ್ರಿ."

ನಾವು ಅಗ್ರೆಶನ್ ಎಂದು ಒಕ್ಕೊರಲಿನಿಂದ ಹೇಳುತ್ತಿದ್ದೆವು. ಕೊನೆಗೆ ಒಂದು ಮೌಖಿಕ ಪರೀಕ್ಷೆ ಇರುತ್ತದೆಂದೂ, ಹೊರಗಿನಿಂದ ಬರುವ ಪರೀಕ್ಷಕರು ಇಂಗ್ಲಿಷ್ ಶಬ್ದ ಹೇಳಿ ಅರ್ಥ ಕೇಳುತ್ತಾರೆಂದೂ, ಅಲ್ಲಿ ಬಾಯಿ ಬಿಡದವರು ಬರಹದಲ್ಲಿ ಎಷ್ಟು ಅಂಕ ತೆಗೆದರೂ ನಪಾಸೆಂದೂ ಮಾಸ್ತರರು ಹೆದರಿಸಿಟ್ಟಿದ್ದರು.

ನನಗೆ ಶಬ್ದಗಳು ನಿಲ್ಲುತ್ತಲೇ ಇರಲಿಲ್ಲ. ಬೆಳಿಗ್ಗೆ ಜೆಲಸಿ ಕಲಿತರೆ ಮಧ್ಯಾಹ್ನಕ್ಕೆ ಅದು ಹೋಗಿ ಆಂಗ್ಸೈಟಿ ಕೂತಿರುತ್ತಿತ್ತು. ಸಂಜೆಗೆ ಎರಡೂ ಇರುತ್ತಿರಲಿಲ್ಲ. ರೊಟ್ಟಿ ಬಡಿಯುತ್ತ ಗಟ್ಟಿಯಾಗಿ ಉರು ಹೊಡೆಯುತ್ತಿದ್ದೆ. ಪ್ರತಿ ಬಡಿತಕ್ಕೊಂದು ಶಬ್ದ. ರೊಟ್ಟಿ ದುಂಡಗಾಗುತ್ತಿತ್ತು, ತಲೆ ಖಾಲಿಯೇ ಉಳಿಯುತ್ತಿತ್ತು. ಸಿಟ್ಟು, ಕ್ಷಮಿಸಿ, ಅಗ್ರೆಶನ್ ಬಂದು ಒಂದು ದಿನ ಹಿಟ್ಟಿನ ಮುದ್ದೆಯನ್ನು ಪರಾತಕ್ಕೆ ಕುಕ್ಕಿದೆ.

ಅತ್ತೆ ಬಾಗಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದರು.

"ಏನದು ಜೆಲಸಿ ಜೆಲಸಿ ಅಂತ ಆಗಿಂದ ಹೊಯ್ಕೊಳ್ಳಾಕತ್ತಿ?"

"ಹೊಟ್ಟಿಕಿಚ್ಚಿಗೆ ಇಂಗ್ಲೀಷಿನ್ಯಾಗ ಹಂಗ ಅಂತಾರ್ರಿ ಅತ್ತಿ. ನೆನಪಿಗೆ ನಿಂದರವಲ್ದು."

"ಹಂಗಽ ಒದರಿದ್ರ ಹೆಂಗ ನಿಂತೀತು? ಅದಕ್ಕೊಂದು ಒಡಪು ಕಟ್ಟಬೇಕು."

ಒಡಪು ಏನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವ ಹಾಗಿಲ್ಲ. ಆದರೆ ಮದುವೆಯಲ್ಲಿ, ಬಸುರಿಗೆ ಹಸಿರು ಸೀರೆ ಉಡಿಸುವ ಕುಬಸದಲ್ಲಿ, ಹೆಂಗಸರೆಲ್ಲ ಹೊಸ್ತಿಲಿಗೆ ಅಡ್ಡ ನಿಂತು, ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹಟ ಹಿಡಿಯುತ್ತಾರೆ. ಆಗ ಅವಳು ಪ್ರಾಸ ಕೂಡಿಸಿ ಮೂರು-ನಾಲ್ಕು ಸಾಲು ಹೇಳಿ, ಕೊನೆಯ ಸಾಲಿನಲ್ಲಿ ಗಂಡನ ಹೆಸರನ್ನು ಸೇರಿಸಿ ಹೇಳಿ, ನಾಚಿಕೊಂಡು ಒಳಗೆ ಓಡಬೇಕು. ಜೋಳ ತೂಗುವವರೂ ಒಡಪಿನಲ್ಲಿ ರಾಯರೇ.

ಅತ್ತೆಗೆ ಒಡಪು ಕಟ್ಟಲು ಬರುತ್ತದೆಂದು ನನಗೆ ಗೊತ್ತೇ ಇರಲಿಲ್ಲ. ಮಾವ ನಾನು ಬರುವ ಎಷ್ಟೋ ಮೊದಲೇ ತೀರಿಕೊಂಡಿದ್ದರು. ಗಂಡನಿಲ್ಲದವಳನ್ನು ಯಾರೂ ಹೊಸ್ತಿಲಲ್ಲಿ ತಡೆಯುವುದಿಲ್ಲ. ಕುಬಸದ ಮನೆಗೆ ಕರೆದರೂ ಅತ್ತೆ ಅಡುಗೆ ಮನೆಯಲ್ಲೇ ಕೂತು, ಹೋಳಿಗೆ ಬೇಯಿಸಿಕೊಟ್ಟು ಬರುತ್ತಿದ್ದರು. ಈಗ ಮೊರ ಬದಿಗಿಟ್ಟು, ನನ್ನ ಕಡೆ ತಿರುಗಿ, ತಡವರಿಸದೆ ಹೇಳಿದರು:

"ನೆಗೆಣ್ಣಿ ಉಟ್ಟಾಳ ಇಳಕಲ್ಲ ಸೀರಿ,
ನನ್ನ ಹೊಟ್ಟ್ಯಾಗ ಬಿದ್ದೈತಿ ಉರಿ,
ಜೆಲಸಿ ಅಂದ್ರ ಇದಽ ಅಂತ ತಿಳೀರಿ,
ಇಂಥಾ ರಾಯರ ಹೆಸರ ಹೇಳೇನಿ, ದಾರಿ ಬಿಡ್ರಿ."

"ಇಂಥಾ ಅಂದಲ್ಲಿ ನಿನ್ನ ಗಂಡನ್ನ ಹಾಕ್ಕೊ," ಅಂದು ಮತ್ತೆ ಮೊರ ಎತ್ತಿಕೊಂಡರು. ನಾನು ಹಾಕಿಕೊಂಡೆ. ಇಲ್ಲಿ ಮಾತ್ರ ಹಾಕುವುದಿಲ್ಲ, ಈ ವಯಸ್ಸಿನಲ್ಲೂ ಕಾಗದದ ಮೇಲೆ ಬರೆಯಲು ನಾಚಿಕೆಯಾಗುತ್ತದೆ.

ಜೆಲಸಿ ಅವತ್ತು ಬಂದು ಕೂತದ್ದು ಇವತ್ತಿನವರೆಗೂ ಎದ್ದು ಹೋಗಿಲ್ಲ.

ಅಲ್ಲಿಂದ ದಿನಾ ಒಲೆಯ ಮುಂದೆ ಇದೇ ಕೆಲಸ. ನಾನು ಶಬ್ದದ ಅರ್ಥ ಹೇಳುವುದು, ಅತ್ತೆ ಬೇಳೆ ಆರಿಸುತ್ತ ಆರಿಸುತ್ತ ಒಡಪು ಕಟ್ಟುವುದು. ಅವರು ತಮ್ಮದೇ ಸಾಮಾನು ಬಳಸುತ್ತಿದ್ದರು. ಫ್ರಸ್ಟ್ರೇಶನ್ ಹೀಗೆ ಬಂತು:

"ಊದಿ ಊದಿ ಸಾಕಾತು, ಹಸಿ ಕಟಗಿ ಹೊತ್ತವಲ್ದು,
ಫ್ರಸ್ಟ್ರೇಶನ್ ಬಂದೈತಿ, ಯಾರಿಗಂದ್ರೂ ತಿಳೀವಲ್ದು,
ಇಂಥಾ ರಾಯರು ಹಸದ ಬಂದಾರ, ರೊಟ್ಟಿ ಬೇಯವಲ್ದು."

ಎಲ್ಲ ಶಬ್ದವೂ ಹೀಗೆ ಬಗ್ಗುತ್ತಿರಲಿಲ್ಲ. ಇನ್‌ಫೀರಿಯಾರಿಟಿ ಕಾಂಪ್ಲೆಕ್ಸ್ ಎಂಬುದನ್ನು ನಾನು ಹೇಳಿ ಮುಗಿಸುವುದರೊಳಗೆ ಅತ್ತೆ ಕೈ ಎತ್ತಿಬಿಟ್ಟರು. "ಇದು ಒಡಪಿನ್ಯಾಗ ಹಿಡಿಯೂದಿಲ್ಲವಾ. ಚಕ್ಕಡಿಗೆ ಆನಿ ಹೂಡಿದಂಗಾಕ್ಕೈತಿ. ಇದನ್ನ ಕೇಳಿದ್ರ ಹೊಟ್ಟಿನೋವು ಅಂತ ಹೇಳಿ ಎದ್ದು ಬಾ."

ಒಡಪಿನಲ್ಲಿ ತನ್ನ ಸೀರೆ ಬಂದಿದೆಯೆಂದು ನೆಗೆಣ್ಣಿಗೆ ಗೊತ್ತಾಯಿತು. ಜಗಳ ಗ್ಯಾರಂಟಿ ಎಂದು ನಾನು ಲಟ್ಟಣಿಗೆ ಹತ್ತಿರ ಎಳೆದುಕೊಂಡೆ. ಅವಳು ಬಂದು, ಬೀಗದ ಕೈ ಗಿಲಿಗಿಲಿ ಎನ್ನಿಸಿ, "ಸೀರಿ ಅಷ್ಟಽ ಯಾಕ, ನನ್ನ ಬುಗುಡಿ ಹಾಕಿ ಇನ್ನೊಂದು ಕಟ್ಟ್ರಿ ಅತ್ತಿ," ಅಂದಳು. ಅವಳ ಬುಗುಡಿ ಇನ್ನೊಂದು ಶಬ್ದಕ್ಕೆ ಹೋಯಿತು. ಓಣಿಯ ಬಾವಿಕಟ್ಟೆಗೂ ಸುದ್ದಿ ಮುಟ್ಟಿತು. ಹಗ್ಗ ಹರಿದು ಕೊಡ ಬಾವಿಗೆ ಬಿದ್ದರೆ, "ಫ್ರಸ್ಟ್ರೇಶನ್ ಆತ ನೋಡವಾ" ಎಂದು ಅಕ್ಷರ ತಿಳಿಯದ ಹೆಂಗಸರು ಹಣೆ ಬಡಿದುಕೊಳ್ಳತೊಡಗಿದರು. ಭಾವ ಒಂದು ದಿನ ಉಣ್ಣುತ್ತ, ಯಾರನ್ನೂ ನೋಡದೆ, "ನನಗ ಯಾವ ಶಬ್ದ ಐತಿ?" ಎಂದು ಕೇಳಿದರು. ಅಗ್ರೆಶನ್ ಅಂದೆ. ಅದು ದೊಡ್ಡ ಮನುಷ್ಯರಿಗೆ ಇರುವಂಥದೇ ಎಂದು ಕೇಳಿದರು. ಹೌದ್ರಿ ಅಂದೆ. ಇನ್ನೊಂದು ರೊಟ್ಟಿ ಹಾಕಿಸಿಕೊಂಡರು.

ನನ್ನ ಗಂಡನಿಗೆ ಮಾತ್ರ ಇದೇನೂ ಗೊತ್ತಿರಲಿಲ್ಲ. ತಮ್ಮ ಹೆಸರು ದಿನವಿಡೀ ಇಂಗ್ಲಿಷಿನ ಸಂಗಡ ಒಲೆಯಲ್ಲಿ ಬೇಯುತ್ತಿದೆ ಎಂಬುದು ತಿಳಿಯದೆ ಆ ಸಾಧು ಪ್ರಾಣಿ ಜೋಳ ತೂಗುತ್ತಿತ್ತು.

ಮೌಖಿಕ ಪರೀಕ್ಷೆ ಬಂತು. ಬರಹದ ಪೇಪರುಗಳೆಲ್ಲ ಮುಗಿದಿದ್ದವು, ಅವುಗಳ ಚಿಂತೆ ನನಗಿರಲಿಲ್ಲ. ಉಳಿದದ್ದು ಇದೊಂದೇ. ಬೆಳಿಗ್ಗೆ ಭಾವ ಹೊಲಕ್ಕೆ ಹೊರಟವರು ಕುರ್ಚಿಗಿ ಎರಡು ತೆಗೆದಿಟ್ಟು ಹೋದರು. ಕಸ ತೆಗೆಯುವ ಆ ಕುರ್ಚಿಗಿಗಳಲ್ಲಿ ಒಂದು ನನಗೆ, ಒಂದು ತಮ್ಮ ತಾಯಿಗೆ. ಅತ್ತೆ ಮೊಸರು-ಸಕ್ಕರೆ ಕೈಗೆ ಹಾಕಿದರು.

ಪರೀಕ್ಷಕರು ಮೈಸೂರು ಕಡೆಯ ಹೆಂಗಸು. ದಪ್ಪ ಕನ್ನಡಕ, ತೆಳ್ಳಗಿನ ಮಾತು. ಪಕ್ಕದಲ್ಲಿ ನಮ್ಮ ಮಾಸ್ತರರು ಇಸ್ತ್ರಿ ಅಂಗಿ ಹಾಕಿ ಕೂತಿದ್ದರು. ನನಗಿಂತ ಮುಂಚೆ ಒಳಗೆ ಹೋದ ಬಸವನ ಬಾಗೇವಾಡಿ ಕಡೆಯ ಹುಡುಗಿಯೊಬ್ಬಳು ಅಳುತ್ತ ಹೊರಗೆ ಬಂದಿದ್ದಳು. ನಾನು ಸೆರಗು ಬಿಗಿಯಾಗಿ ಹೊದ್ದು ಒಳಗೆ ಹೋಗಿ ನಿಂತೆ.

"ಜೆಲಸಿ ಅಂದ್ರೆ ಏನಮ್ಮ?"

ಅರ್ಥ ಬರಲಿಲ್ಲ. ಒಡಪು ಬಂತು. ನೆಗೆಣ್ಣಿ ಇಳಕಲ್ಲ ಸೀರೆ ಉಟ್ಟುಕೊಂಡು ಬಂದಳು, ಹೊಟ್ಟೆಯಲ್ಲಿ ಉರಿ ಬಿತ್ತು. ಹೆಸರಿನ ಸಾಲಿಗಿಂತ ಮುಂಚೆ ನಿಲ್ಲಿಸಬೇಕೆಂದು ಬಹಳ ಪ್ರಯತ್ನ ಮಾಡಿದೆ. ಆದರೆ ಒಡಪು ಇಳಿಜಾರಿನ ಚಕ್ಕಡಿ, ನಡುವೆ ನಿಲ್ಲುವುದಿಲ್ಲ. ಗಂಡನ ಹೆಸರು ರಾಯರ ಸಮೇತ ಪರೀಕ್ಷೆಯ ಕೋಣೆಯಲ್ಲಿ ಬಂದು ಬಿತ್ತು. ದಾರಿ ಬಿಡ್ರಿ ಎಂದು ಮುಗಿಸಿದೆ. ಪರೀಕ್ಷಕರು ದಾರಿಗೆ ಏನು ಅಡ್ಡವಾಗಿದೆ ಎಂದು ತಮ್ಮ ಕುರ್ಚಿಯ ಹಿಂದೆ ತಿರುಗಿ ನೋಡಿದರು.

"ಸೊಗಸಾಗಿದೆ," ಅಂದರು. "ಇವರು ಯಾರಮ್ಮ, ರಾಯರು ಅಂದ್ರಲ್ಲ? ನಾನು ಇವರನ್ನ ಓದಿಲ್ಲ."

ನಾನು ತಲೆ ತಗ್ಗಿಸಿದೆ. ಯಾರೆಂದು ಹೇಳುವುದು? ನಮ್ಮ ಕಡೆ ಇದನ್ನು ಯಾರೂ ಕೇಳುವುದಿಲ್ಲ, ಕೇಳುವವರಿಗೆಲ್ಲ ಗೊತ್ತೇ ಇರುತ್ತದೆ. ಪರೀಕ್ಷಕರು ತಮ್ಮ ಮುಂದಿನ ಕಾಗದದ ಮೇಲೆ ಆ ಹೆಸರು ಬರೆದುಕೊಂಡು, ಪಕ್ಕಕ್ಕೆ ಪ್ರಶ್ನೆಯ ಗುರುತು ಹಾಕಿದರು.

"ಯಾವ ಯೂನಿವರ್ಸಿಟಿಯವರು?"

"ಸಿಂದಗಿಯವರ್ರಿ."

"ಸಿಂದಗಿಯಲ್ಲಿ ಏನು ಮಾಡ್ತಾರೆ?"

"ಜೋಳ ತೂಗತಾರ್ರಿ."

ಮಾಸ್ತರರಿಗೆ ಕೆಮ್ಮು ಬಂತು. ಕರವಸ್ತ್ರ ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು. ಪರೀಕ್ಷಕರು ಕನ್ನಡಕ ಸರಿ ಮಾಡಿಕೊಂಡು ಮುಂದಿನ ಶಬ್ದಕ್ಕೆ ಹೋದರು. ಆಂಗ್ಸೈಟಿ. ನಾನು ಕಣ್ಣು ಮುಚ್ಚಿಕೊಂಡೆ. ಕಟ್ಟೆಯ ಮೇಲೆ ಕೂತು ಮೋಟಾರಿನ ದಾರಿ ಕಾಯುವ ಹೆಂಡತಿ ಬಂದಳು, ಇನ್ನೂ ಬರದ ಆಪತ್ತಿಗೆ ಈಗಲೇ ಅಂಜಿದಳು, ಕೊನೆಯ ಸಾಲಿನಲ್ಲಿ ಮೋಟಾರಿನಿಂದ ಮತ್ತೆ ಅವರೇ ಇಳಿದರು.

"ಆಂಗ್ಸೈಟಿ ಬಗ್ಗೆಯೂ ಇವರೇ ಹೇಳಿದ್ದಾರಾ?"

"ಇಲ್ಲರಿ. ಅವರು ಏನೂ ಹೇಳೂದಿಲ್ಲರಿ. ಉಂಡು ಮಲಗತಾರ್ರಿ."

ಮಾಸ್ತರರ ಕೆಮ್ಮು ಹೆಚ್ಚಾಯಿತು. ನನ್ನ ಕಣ್ಣ ಮುಂದೆ ಬರೀ ಆ ಎರಡು ಕುರ್ಚಿಗಿ. ಅತ್ತೆ ಸೊಂಟ ಹಿಡಿದುಕೊಂಡು ಸಾಲಿನಲ್ಲಿ ಕೂತು ಕಸ ತೆಗೆಯುವುದು ಕಾಣಿಸಿತು. ಪರೀಕ್ಷಕರು ಸಬ್ಲಿಮೇಶನ್ ಕೇಳಿದರು. ಬೇಡದ ಭಾವನೆಯನ್ನು ಒಳ್ಳೆಯ ಕೆಲಸಕ್ಕೆ ತಿರುಗಿಸುವುದು ಎಂದು ಪುಸ್ತಕದಲ್ಲಿತ್ತು. ಅತ್ತೆಯ ಒಡಪಿನಲ್ಲಿ, ನೆಗೆಣ್ಣಿಯ ಮೇಲಿನ ಸಿಟ್ಟನ್ನು ಸೊಸೆ ಹಳ್ಳದಲ್ಲಿ ಅರಿವೆ ಒಗೆದು ತೀರಿಸಿಕೊಳ್ಳುತ್ತಿದ್ದಳು, ರಾಯರ ಧೋತರ ಸಮೇತ.

"ಇದು ತಪ್ಪು," ಅಂದರು ಪರೀಕ್ಷಕರು. "ಒಬ್ಬರ ಮೇಲಿನ ಕೋಪ ಇನ್ನೊಂದರ ಮೇಲೆ ತೀರಿಸಿದರೆ ಅದು ಡಿಸ್‌ಪ್ಲೇಸ್‌ಮೆಂಟ್."

ಅಲ್ಲಿಯವರೆಗೆ ಅಂಜಿದ್ದವಳಿಗೆ ಎಲ್ಲಿಂದ ಧೈರ್ಯ ಬಂತೋ ಏನೋ. ಅತ್ತೆಯ ಒಡಪು ತಪ್ಪೆಂದರೆ ನನಗೆ ಸಹಿಸಲಾಗಲಿಲ್ಲ. "ಬಾಯಾರ, ಅರಿವಿ ಹರದಿದ್ರ ನೀವಂದದ್ದು ಖರೇರಿ. ಹರದಿಲ್ಲರಿ. ಬೆಳ್ಳಗಾಗ್ಯಾವ್ರಿ," ಅಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಧೋತರಾನೂ ಬೆಳ್ಳಗಾಯ್ತಾ?"

"ಹೌದ್ರಿ."

"ಹಾಗಾದ್ರೆ ಅರ್ಧ ಸರಿ."

ಆಗ ಮಾಸ್ತರರು ಕಣ್ಣೊರೆಸಿಕೊಂಡು, ಒಡಪಿನ ವಿಷಯವನ್ನೂ ರಾಯರು ಯಾರೆಂಬುದನ್ನೂ ಅವರ ಕಿವಿಯ ಹತ್ತಿರ ಬಾಗಿ ಹೇಳಿದರು. ಪರೀಕ್ಷಕರು ತಾವು ಬರೆದುಕೊಂಡ ಹೆಸರನ್ನು ನೋಡಿದರು, ನನ್ನನ್ನು ನೋಡಿದರು, ಮೇಜಿನ ಮೇಲೆ ತಲೆಯಿಟ್ಟು ಭುಜ ಅಲುಗುವ ಹಾಗೆ ನಕ್ಕರು. ಎದ್ದು ಕೂತ ಮೇಲೆ ಒಡಪಿಲ್ಲದೆ ಇನ್ನೂ ಎರಡು ಶಬ್ದ ಕೇಳಿದರು. ವಿಚಿತ್ರವೆಂದರೆ ಎರಡಕ್ಕೂ ಅರ್ಥ ತಾನಾಗಿಯೇ ಬಾಯಿಗೆ ಬಂತು.

"ಪಾಸ್ ಮಾಡ್ತೀನಿ ಹೋಗಮ್ಮ," ಅಂದರು. "ಆದ್ರೆ ಶಾಲೆಗೆ ಹೋಗುವಾಗ ರಾಯರನ್ನ ಮನೆಯಲ್ಲೇ ಬಿಟ್ಟು ಹೋಗು."

ಮನೆಗೆ ಓಡಿ ಬಂದೆ. ಗಂಡಸರು ಯಾರೂ ಇರಲಿಲ್ಲ, ಅತ್ತೆ ಒಬ್ಬರೇ ಬಾಗಿಲ ಬಳಿ ಮೊರ ಹಿಡಿದು ಕೂತಿದ್ದರು. ಕೈಯಾಡುತ್ತಿತ್ತು, ಮೊರದಲ್ಲಿ ಕಾಳೇ ಇರಲಿಲ್ಲ. ಪಾಸ್ ಅಂದೆ. ಅವರು ಕೂತಲ್ಲೇ ಕೈ ಚಾಚಿ ಎರಡೂ ಕುರ್ಚಿಗಿಗಳನ್ನು ಎಳೆದುಕೊಂಡು ಅಟ್ಟದ ಕಡೆ ಬಿಸಾಕಿದರು. ನನಗೆ ಆದ ಸಂತೋಷ ಇಂತಿಷ್ಟೆಂದು ಹೇಳಲಾರೆ. ಅವರ ಎದುರು ಕುಕ್ಕರಿಸಿ, ಪರೀಕ್ಷಕರ ತೆಳ್ಳಗಿನ ದನಿಯಲ್ಲಿ ಎಲ್ಲವನ್ನೂ ಆಡಿ ತೋರಿಸಿದೆ. ಅತ್ತೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕರು. ಜೋಳ ತೂಗತಾರ್ರಿ ಅಂದದ್ದನ್ನು ಇನ್ನೊಮ್ಮೆ ಹೇಳಿಸಿದರು. ಆಮೇಲೆ ಕೇಳಿದರು:

"ಆ ಪರೀಕ್ಷಾದಾಕಿ ನಿನ್ನ ಗಂಡನ ಹೆಸರ ಕೇಳಿ ಏನಂದ್ಲು ಅಂದಿ?"

"ಇವರು ಯಾರಮ್ಮ ಅಂದ್ರ್ರಿ."

ಅತ್ತೆ ನಗು ನಿಲ್ಲಿಸಿದರು. ಖಾಲಿ ಮೊರವನ್ನು ಬದಿಗಿಟ್ಟರು.

"ನನ್ನನ್ನೂ ಕೇಳು."

"ಏನಂತ್ರಿ?"

"ಆಕಿ ನಿನ್ನ ಕೇಳಿದಂಗ ಕೇಳು. ನನ್ನ ಯಾರೂ ಕೇಳೂದಿಲ್ಲ."

ನನಗೆ ಇನ್ನೂ ಆಟದ ಗುಂಗು. ಇಲ್ಲದ ಕನ್ನಡಕ ಸರಿ ಮಾಡಿಕೊಂಡು, "ಇವರು ಯಾರಮ್ಮ? ಯಾವ ಯೂನಿವರ್ಸಿಟಿಯವರು?" ಎಂದೆ.

ಅತ್ತೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಮಾವನ ಹೆಸರು ಹೇಳಿದರು. ಪ್ರಾಸವಿಲ್ಲ, ರಾಯರಿಲ್ಲ, ಬರೀ ಹೆಸರು. ಅಷ್ಟು ದೊಡ್ಡ ದನಿಯ ಹೆಂಗಸಿನ ಬಾಯಿಂದ ಅದು ಬಹಳ ಸಣ್ಣಗೆ ಬಂತು. ನಾನು ಕಲಿತ ಒಂದು ಇಂಗ್ಲಿಷ್ ಶಬ್ದವೂ ನನಗೆ ನೆನಪಾಗಲಿಲ್ಲ.

"ಯಂಕಂಚಿ ದಾರ್ಯಾಗ ಕುರಿ ಮೇಸತಿದ್ರು," ಅಂದರು. "ಎತ್ತರ ಆಳು. ಮಾತು ಕಡಿಮಿ, ನಿನ್ನ ಗಂಡನಂಗಽ. ಯಾರದರ ಮನ್ಯಾಗ ಕುಬಸ ಇದ್ರ, ಹೆಂಗಸರು ನನ್ನ ಹೊಸ್ತಲದಾಗ ತಡೀತಿದ್ರು. ಆಗ ನಿಮ್ಮ ಮಾವ ಕುರಿ ಬಿಟ್ಟು ಬಂದು ಗ್ವಾಡಿ ಹಿಂದ ನಿಂದರತಿದ್ರು. ನನಗ ಕಂಬಳಿ ಚುಂಗ ಅಷ್ಟಽ ಕಾಣತಿತ್ತು. ತನ್ನ ಹೆಸರು ನನ್ನ ಬಾಯಾಗ ಕೇಳಾಕ ಬರತಿದ್ರು. ಕೇಳಿದ ಕೂಡ್ಲೆ ಹೊಳ್ಳಿ ಹೋಗಿಬಿಡತಿದ್ರು. ಅದಕ್ಕಽ ನಾ ಒಡಪು ಉದ್ದುದ್ದ ಕಟ್ಟತಿದ್ದೆ."